ಜೆರೇನಿಯಂ ಕುಂಡಕ್ಕೆ ದಿನಾ ನೀರು ಬೇಡ

ಮಾನ್ಯ ಸಂಪಾದಕರೇ,

ಲಾಲ್‌ಬಾಗ್‌ನ ಜನವರಿ ಫಲಪುಷ್ಪ ಪ್ರದರ್ಶನ ಮುಗಿಯುವ ಹೊತ್ತಿಗೆ ಬೆಂಗಳೂರಿನ ಎಷ್ಟೋ ಬಾಲ್ಕನಿಗಳಲ್ಲಿ ಕೆಂಪು, ಗುಲಾಬಿ ಗೊಂಚಲಿನ ಜೆರೇನಿಯಂ ಬಂದು ಕೂತಿರುತ್ತದೆ. ಜುಲೈಗೆ ನೋಡಿದರೆ ಅದೇ ಕುಂಡದಲ್ಲಿ ಕಪ್ಪಗಾದ ಒಂದು ಕಡ್ಡಿ. ‘ನಮ್ಮ ಹವೆಗೆ ಒಗ್ಗುವ ಗಿಡವಲ್ಲ ಬಿಡಿ’ ಎಂದು ಎಸೆದುಬಿಡುತ್ತಾರೆ. ಹವೆಯನ್ನು ದೂರುವ ಮೊದಲು, ಬೆಳಿಗ್ಗೆ ತುಳಸಿಗೆ ಹಾಕಿ ಚೊಂಬಿನಲ್ಲಿ ಉಳಿದ ನೀರನ್ನು ಇದಕ್ಕೂ ಸುರಿಯುವ ರೂಢಿಯನ್ನು ಸ್ವಲ್ಪ ನೋಡಿಕೊಳ್ಳಬೇಕು.

ನರ್ಸರಿಯವರು ಜೆರೇನಿಯಂ ಎಂದು ಮಾರುವುದು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಪೆಲಾರ್ಗೋನಿಯಂ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ನಿಜವಾದ ಜೆರೇನಿಯಂ, ಪೆಲಾರ್ಗೋನಿಯಂ ಎರಡನ್ನೂ ಜೆರೇನಿಯಂ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದ. 1789ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆರಿಟಿಯೇ ಬೇರ್ಪಡಿಸಿದರೂ ಹಳೆಯ ಹೆಸರು ಜನರ ಬಾಯಿಂದ ಹೋಗಲಿಲ್ಲ. ಇದು ಬರೀ ಹೆಸರಿನ ಜಗಳವಲ್ಲ. ನಿಜವಾದ ಜೆರೇನಿಯಂಗಳು ತಂಪು ಸೀಮೆಯ ಗಿಡಗಳು, ತೇವ ಕೇಳುತ್ತವೆ. ಪೆಲಾರ್ಗೋನಿಯಂನ ತವರು ದಕ್ಷಿಣ ಆಫ್ರಿಕಾ. ಅದರ ದಪ್ಪ ಕಾಂಡ ನೀರು ಕೂಡಿಟ್ಟುಕೊಳ್ಳುತ್ತದೆ. ಇಂಟರ್‌ನೆಟ್‌ನಲ್ಲಿ ಹೆಸರು ಹುಡುಕಿ ಆ ಗಿಡದ ಸಲಹೆಯನ್ನು ಈ ಗಿಡಕ್ಕೆ ಹಾಕಿದರೆ ಕೆಡುವುದು ಸಹಜ.

ನೀರು ಯಾವಾಗ ಹಾಕಬೇಕು? ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತುದಿಗೆ ತಂಪು ತಗುಲಿದರೆ ಇವತ್ತು ಬೇಡ. ಒಣಗಿದ್ದರೆ, ತಳದ ತೂತಿನಿಂದ ಹರಿದು ಬರುವಷ್ಟು ಒಮ್ಮೆಗೇ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಎಂಟು ಇಂಚಿನ ಮಣ್ಣಿನ ಕುಂಡಕ್ಕೆ ಬೆಂಗಳೂರಿನ ಚಳಿಗಾಲದಲ್ಲಿ ಇದು ಮೂರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ. ಜಡಿಮಳೆಯ ವಾರಗಳಲ್ಲಿ ನೀರಿನ ಮಾತೇ ಬೇಡ, ಕುಂಡವನ್ನು ಸಜ್ಜೆಯ ಕೆಳಗೆ ಎಳೆದರೆ ಸಾಕು.

ಬಹಳ ಗಿಡಗಳು ಸಾಯುವುದು ಇಲ್ಲೇ. ಅತಿ ತೇವದಲ್ಲಿ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರಲಾರದು, ಎಲೆ ಬಾಡುತ್ತದೆ. ಬಾಡಿದ್ದನ್ನು ಕಂಡವರು ಬಾಯಾರಿದೆ ಎಂದುಕೊಂಡು ಇನ್ನೂ ಒಂದು ಚೊಂಬು ಸುರಿಯುತ್ತಾರೆ. ಮಣ್ಣು ಒದ್ದೆ ಇದ್ದೂ ಎಲೆ ಬಾಡಿದ್ದರೆ ಕಾಂಡದ ಬುಡ ಒತ್ತಿ ನೋಡಿ. ಕಪ್ಪಗಾಗಿ ಮೆತ್ತಗಿದ್ದರೆ ಅದು ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ತರುವ ಕಾಲುಕಪ್ಪು ರೋಗ. ಆ ಗಿಡ ಉಳಿಯುವುದಿಲ್ಲ, ತುದಿಯ ಹಸಿರು ಕೊಂಬೆ ಕತ್ತರಿಸಿ ನೆಟ್ಟರೆ ಉಳಿಯಬಹುದು. ಆ ಮಣ್ಣನ್ನು ಇನ್ನೊಂದು ಜೆರೇನಿಯಂಗೆ ಬಳಸಬಾರದು.

ನರ್ಸರಿಯ ಕಪ್ಪು ಚೀಲದಲ್ಲಿ ಹೆಚ್ಚಾಗಿ ಬರೀ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಇರುತ್ತದೆ. ಆ ಉಂಡೆಯನ್ನು ಹಾಗೇ ಕೆಮ್ಮಣ್ಣಿನ ನಡುವೆ ಕೂರಿಸಿದರೆ ಹೊರಗಿನ ಮಣ್ಣು ಒಣಗಿ ಬಿರಿದರೂ ಒಳಗಿನ ಉಂಡೆ ಹಿಂಡಿದರೆ ನೀರು ಬರುವಂತಿರುತ್ತದೆ. ಬದಿಯ ಕೊಕೊಪೀಟನ್ನು ಬೆರಳಲ್ಲಿ ಸಡಿಲಿಸಿ ಅರ್ಧದಷ್ಟು ಉದುರಿಸಿಯೇ ನೆಡಬೇಕು. ಮಿಶ್ರಣ: ಕೆಮ್ಮಣ್ಣು, ದಪ್ಪ ಮರಳು, ಕೊಕೊಪೀಟ್ ತಲಾ ಒಂದು ಪಾಲು, ಎರೆಗೊಬ್ಬರ ಅರ್ಧ ಪಾಲು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ತೊಳೆದು ದೂಳು ತೆಗೆಯದಿದ್ದರೆ ಮಣ್ಣು ಗಾರೆಯಂತೆ ಬಿಗಿಯುತ್ತದೆ. ಕುಂಡ ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ತಿರುಗುಬಾಣ: ಬೇರು ತಲುಪದ ಮಣ್ಣಿನಲ್ಲಿ ತೇವ ನಿಂತೇ ಇರುತ್ತದೆ. ಮೊದಲ ವರ್ಷ ಆರರಿಂದ ಎಂಟು ಇಂಚು ಸಾಕು.

ಹೂವಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ಬೆಳಗಿನದಾದರೆ ಉತ್ತಮ. ನೆರಳಿನಲ್ಲಿ ಕಾಂಡ ಉದ್ದುದ್ದ ಬೆಳೆದು ಎಲೆಗಳಷ್ಟೇ ಉಳಿಯುತ್ತವೆ. ಸಗಣಿ ಗೊಬ್ಬರ, ಯೂರಿಯಾ ಹೆಚ್ಚಾದರೂ ಅದೇ ಕತೆ. ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂ ಕರಗಿಸಿ ಹದಿನೈದು ದಿನಕ್ಕೊಮ್ಮೆ, ಒಣಮಣ್ಣಿಗಲ್ಲ, ತುಸು ಒದ್ದೆ ಮಣ್ಣಿಗೆ ಹಾಕಿದರೆ ಸಾಕು. ಬೋರ್‌ವೆಲ್ ನೀರು ಗಡುಸಾದ ಕಡೆ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಅದು ಕಬ್ಬಿಣದ ಕೊರತೆ. ಮಳೆನೀರು ಹಿಡಿದಿಟ್ಟು ಹಾಕುವುದು ಅಗ್ಗದ ಮದ್ದು.

ಬಾಡಿದ ಗೊಂಚಲಿನ ಎಸಳುಗಳನ್ನಷ್ಟೇ ಕೀಳುವವರು ಅರ್ಧ ಕೆಲಸ ಮಾಡಿದಂತೆ. ಹೂದಂಟು ಕಾಂಡಕ್ಕೆ ಸೇರುವ ಗಂಟಿನ ಬಳಿ ಹಿಡಿದು ಕೆಳಕ್ಕೆ ಬಾಗಿಸಿದರೆ ಚಟ್ಟನೆ ಬುಡದಿಂದಲೇ ಕಳಚುತ್ತದೆ, ಕತ್ತರಿ ಬೇಡ. ಬಿಟ್ಟರೆ ಮಳೆಗಾಲದಲ್ಲಿ ಕೊಳೆತ ಎಸಳು ಎಲೆಯ ಮೇಲೆ ಬಿದ್ದಲ್ಲಿ ಬೂದು ಬೂಸ್ಟು ಹಿಡಿಯುತ್ತದೆ. ಎಲೆಯ ಅಡಿಯಲ್ಲಿ ಕಂದು ಪುಡಿಯ ಉಂಗುರಗಳು ಕಂಡರೆ ತುಕ್ಕು ರೋಗ: ಅಂಥ ಎಲೆ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗಲ್ಲ, ನೀರನ್ನು ಎಲೆಯ ಮೇಲೆ ಚಿಮುಕಿಸಬೇಡಿ. ಹಿಟ್ಟು ತಿಗಣೆಗೆ ಲೀಟರಿಗೆ ಐದು ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು.

ಇಷ್ಟು ಮಾಡಿದರೂ ಎರಡು ಮೂರು ವರ್ಷದಲ್ಲಿ ಗಿಡ ಮರದಂತೆ ಗಟ್ಟಿಯಾಗಿ ಬುಡ ಬೋಳಾಗುತ್ತದೆ. ಹಾಗಾಗಿ ಫೆಬ್ರುವರಿಯಲ್ಲಿ ಒಮ್ಮೆ, ಮಳೆ ಕಳೆದ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ ಕಡ್ಡಿ ನೆಡುವುದೇ ಇದನ್ನು ಮನೆಯಲ್ಲಿ ಉಳಿಸಿಕೊಳ್ಳುವ ದಾರಿ. ಹೂವಿಲ್ಲದ ಕೊಂಬೆಯ ತುದಿಯನ್ನು ನಾಲ್ಕು ಇಂಚಿಗೆ, ಗೆಣ್ಣಿನ ಸ್ವಲ್ಪ ಕೆಳಗೆ, ಶುಭ್ರ ಬ್ಲೇಡಿನಿಂದ ಕತ್ತರಿಸಿ. ಕೆಳಗಿನ ಎಲೆಗಳನ್ನೂ ಗೆಣ್ಣಿಗೆ ಅಂಟಿದ ಪೊರೆಯಂಥ ಚಿಕ್ಕ ಎಲೆಗಳನ್ನೂ ತೆಗೆಯಿರಿ, ಕೊಳೆತ ಮೊದಲು ಶುರುವಾಗುವುದು ಆ ಪೊರೆಯಿಂದ. ನೆರಳಲ್ಲಿ ಅರ್ಧ ದಿನ ಬಿಟ್ಟು, ಗಾಯ ಒಣಗಿದ ಮೇಲೆ ತೇವದ ಮರಳಿಗೆ ಒಂದೂವರೆ ಇಂಚು ಇಳಿಸಿ. ಗುಲಾಬಿ ಕಡ್ಡಿಗೆ ಮಾಡುವಂತೆ ಪ್ಲಾಸ್ಟಿಕ್ ಚೀಲ ಮುಚ್ಚಬಾರದು. ಮೂರ್ನಾಲ್ಕು ವಾರಕ್ಕೆ ಬೇರು ಬರುತ್ತದೆ.

ಕರಾವಳಿಯ ಸೆಕೆ-ತೇವದಲ್ಲಿ ಇದು ಕಷ್ಟ. ಕಲಬುರಗಿ, ರಾಯಚೂರಿನವರು ನವೆಂಬರ್‌ನಿಂದ ಫೆಬ್ರುವರಿಯ ಗಿಡವೆಂದೇ ಎಣಿಸಬೇಕು. ಇನ್ನು ಸೊಳ್ಳೆ ಓಡಿಸುವ ಗಿಡವೆಂದು ದುಪ್ಪಟ್ಟು ಬೆಲೆಗೆ ಮಾರುವ ಪರಿಮಳದ ಜಾತಿಯನ್ನು ಕಿಟಕಿಯಲ್ಲಿ ಇಟ್ಟಮಾತ್ರಕ್ಕೆ ಸೊಳ್ಳೆ ಹೆದರುವುದಿಲ್ಲ. ಅದರ ಎಣ್ಣೆ ಹೊರಬರುವುದು ಎಲೆ ಉಜ್ಜಿದಾಗ. ಬೆಕ್ಕು ನಾಯಿ ಇದ್ದ ಮನೆಯಲ್ಲಿ ಎಲೆ ಮೇಯದಂತೆ ಎತ್ತರದಲ್ಲಿಡಿ, ವಾಂತಿಯಾಗುತ್ತದೆ.

ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲಿ ಮಾರುವ ಪ್ರತಿ ಜೆರೇನಿಯಂ ಚೀಲಕ್ಕೆ ಕನ್ನಡದಲ್ಲಿ ಮೂರು ಸಾಲಿನ ಚೀಟಿ ಕಟ್ಟುವುದನ್ನು ತೋಟಗಾರಿಕೆ ಇಲಾಖೆ ಕಡ್ಡಾಯ ಮಾಡಲಿ: ಬೆಳಗಿನ ಬಿಸಿಲು, ಮಣ್ಣು ಒಣಗಿದ ಮೇಲೆ ನೀರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಒಡ್ಡಬೇಡಿ.

– ತಾರಸಿ ತೋಟಗಾರರು, ಬೆಂಗಳೂರು