ಹೊಸ ಕ್ಯಾಮೆರಾ ಬೇಡ ಮಾರಾಯ

ಪ್ರೀತಿಯ ದೋಸ್ತಿ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಬೆಂಗಳೂರಿನ ಕೆಲಸ ಬಿಟ್ಟು ಮಂಗಳೂರಿಗೆ ಬರುತ್ತೇನೆ, ಫೋಟೊಗ್ರಫಿಯನ್ನೇ ಹೊಟ್ಟೆಪಾಡು ಮಾಡಿಕೊಳ್ಳುತ್ತೇನೆ, ಕೈಯಲ್ಲಿ ಒಂದೂವರೆ ಲಕ್ಷ ಉಂಟು, ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದೀಯ. ಈಗ ನಮ್ಮ ತುಳುವರ ಆಟಿ ತಿಂಗಳು. ಮದುವೆ ಇಲ್ಲ. ಉಡುಪಿಯಲ್ಲಿ ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ಹಾಗಾಗಿ ಪುರುಸೊತ್ತಿನಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಕೇಳುವ ಹುಡುಗರು ಇನ್ನೂ ಇದ್ದಾರೆ, ಅವರೂ ಓದಲಿ ಅಂತ ಎಲ್ಲರ ಎದುರಿಗೇ ಹಾಕುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಒಂದೂವರೆ ಲಕ್ಷಕ್ಕೆ ಒಂದು ಹೊಸ ಕ್ಯಾಮೆರಾ ಬೇಡ. ಎರಡು ಹಳೆಯದು ತಗೋ.

ಯಾಕೆ ಅಂತ ಹೇಳುತ್ತೇನೆ. ನಾನು ಶುರು ಮಾಡಿದ ಎರಡನೇ ವರ್ಷ, ಕಾಪು ಕಡೆಯ ಒಂದು ಮದುವೆ. ಧಾರೆಯ ಹೊತ್ತು. ಹುಡುಗ-ಹುಡುಗಿಯ ಕೈ ಸೇರಿಸಿ ಆಗಿದೆ, ಹಿರಿಯರೆಲ್ಲ ಗಿಂಡಿ ಮುಟ್ಟಿ ನಿಂತಿದ್ದಾರೆ, ಮೂತಿಯಿಂದ ನೀರು ಇನ್ನೇನು ಬೀಳಬೇಕು. ನಾನು ಬಟನ್ ಒತ್ತಿದೆ. ಟಕ್ ಅಂತ ಒಂದು ಸದ್ದು, ಆಮೇಲೆ ಕಣ್ಣಿನ ಎದುರು ಬರೀ ಕತ್ತಲೆ. ಒಳಗಿನ ಕನ್ನಡಿ ಮೇಲೆ ಹೋದದ್ದು ಕೆಳಗೆ ಬರಲೇ ಇಲ್ಲ. ಬ್ಯಾಟರಿ ತೆಗೆದೆ, ಹಾಕಿದೆ, ಮತ್ತೆ ಅದೇ ಎರರ್. ಅಷ್ಟರಲ್ಲಿ ವಾದ್ಯದವರು ಗಟ್ಟಿಮೇಳಕ್ಕೆ ಏರಿಸಿಯೂ ಆಯಿತು. ಮುಹೂರ್ತ ಫೋಟೊಗ್ರಾಫರಿಗೆ ಕಾಯುತ್ತದಾ? ಜೇಬಿನಿಂದ ಮೊಬೈಲ್ ತೆಗೆದೆ. ಆ ಮನೆಯ ಆಲ್ಬಮ್‌ನಲ್ಲಿ ಧಾರೆಯ ಫೋಟೊ ಎಲ್ಲ ಇವತ್ತಿಗೂ ಮೊಬೈಲಿನದ್ದೇ. ಅವರು ಒಂದು ಮಾತು ಬೈಯಲಿಲ್ಲ. ಹುಡುಗಿಯ ಅಪ್ಪ ಊಟಕ್ಕೆ ಕೂರಿಸಿ, ಪಾಯಸ ಇನ್ನೊಂದು ಸೌಟು ಹಾಕಿಸಿದರು. ನಾನು ಎಲೆಯಿಂದ ತಲೆ ಎತ್ತಲಿಲ್ಲ.

ತಪ್ಪು ನನ್ನದೇ. ಆ ಕ್ಯಾಮೆರಾ ಎಷ್ಟು ಓಡಿದೆ ಅಂತ ನೋಡದೆ ತಗೊಂಡಿದ್ದೆ. ಹಳೆ ಬೈಕ್ ತಗೊಳ್ಳುವಾಗ ಮೊದಲು ಕಿಲೋಮೀಟರ್ ನೋಡುತ್ತೇವೆ ಅಲ್ವಾ, ಇಲ್ಲಿ ಶಟರ್ ಕೌಂಟ್, ಅಂದರೆ ಇಲ್ಲಿಯವರೆಗೆ ಎಷ್ಟು ಕ್ಲಿಕ್ ಆಗಿದೆ ಅಂತ, ನೋಡಬೇಕು. ನಾನೀಗ ಇಟ್ಟುಕೊಂಡಿರುವುದು ಎರಡು ನಿಕಾನ್ ಡಿ7200. 2015ರ ಮಾಡೆಲ್, 24 ಮೆಗಾಪಿಕ್ಸೆಲ್. ಅದರ ಶಟರನ್ನು ಕಂಪನಿ 1,50,000 ಕ್ಲಿಕ್‌ವರೆಗೆ ಪರೀಕ್ಷೆ ಮಾಡಿದೆ. ಒಂದು ಮದುವೆಗೆ ನನಗೆ ಸುಮಾರು 2,500 ಕ್ಲಿಕ್ ಆಗುತ್ತದೆ. 40 ಸಾವಿರ ಕ್ಲಿಕ್ ಓಡಿದ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಸಿಕ್ಕಿದರೆ ಇನ್ನೂ ನಲವತ್ತು ಮದುವೆ ಧೈರ್ಯದಲ್ಲಿ ಮಾಡಬಹುದು. ಲೆಕ್ಕ ತಿಳಿಯುವುದೂ ಸುಲಭ. ಮಾರುವವನ ಎದುರೇ ಒಂದು ಫೋಟೊ ತೆಗೆದು ಅದರ ಎಕ್ಸಿಫ್ (ಫೋಟೊ ಫೈಲಿನೊಳಗೇ ಇರುವ ಮಾಹಿತಿ) ನೋಡಿದರೆ ನಿಕಾನ್‌ನಲ್ಲಿ ಸಂಖ್ಯೆ ಸಿಗುತ್ತದೆ.

ಈ ಮಾಡೆಲ್ ಯಾಕೆ ಅಂದರೆ ಎರಡು ಕಾರಣ. ಇದರಲ್ಲಿ ಎರಡು ಕಾರ್ಡ್ ಹಾಕಬಹುದು. ಎರಡನೆಯದನ್ನು ಬ್ಯಾಕಪ್‌ಗೆ ಇಟ್ಟರೆ ಪ್ರತಿ ಫೋಟೊ ಎರಡು ಕಡೆ ಬೀಳುತ್ತದೆ. ಒಂದು ಕಾರ್ಡ್ ಕೈ ಕೊಟ್ಟರೂ ರಾತ್ರಿ ನಿದ್ದೆ ಬರುತ್ತದೆ. ಇನ್ನೊಂದು, ಇದರ ಬಾಡಿಯೊಳಗೇ ಫೋಕಸ್ ಮೋಟರ್ ಉಂಟು. ಹಾಗಾಗಿ ಹಳೆ 50 ಎಂಎಂ 1.8 ಡಿ ಲೆನ್ಸ್ ಕೂಡ ಇದರಲ್ಲಿ ಆಟೊಫೋಕಸ್ ಆಗುತ್ತದೆ. ಡಿ5600ನಂಥ ಸಣ್ಣ ಕ್ಯಾಮೆರಾಕ್ಕೆ ಹಾಕಿದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ನನಗೆ ಆ ಲೆನ್ಸ್ 6 ಸಾವಿರಕ್ಕೆ ಸಿಕ್ಕಿತು. ಬಾಡಿಗಳು 28 ಮತ್ತು 26 ಸಾವಿರ, ಟ್ಯಾಮ್ರಾನ್ 17-50 2.8 ಲೆನ್ಸ್ ಹಳೆಯದು 14 ಸಾವಿರ, ಎರಡು ಗೊಡಾಕ್ಸ್ ಫ್ಲ್ಯಾಶ್ ಮತ್ತು ಅವನ್ನು ದೂರದಿಂದ ಹೊಡೆಸುವ ಟ್ರಿಗರ್ 18 ಸಾವಿರ. ಬ್ಯಾಟರಿ, ಕಾರ್ಡ್, ಎರಡು ಹಾರ್ಡ್‌ಡಿಸ್ಕ್ ಸೇರಿ ಇನ್ನೊಂದು 22. ಕೂಡಿಸು, 1,14,000. ಉಳಿದದ್ದನ್ನು ಮುಟ್ಟಬೇಡ. ದೊಡ್ಡ ಲೆನ್ಸ್ ಬೇಕಾದ ದಿನ ಬಾಡಿಗೆಗೆ ತಾ.

ಡ್ರೋನ್ ಅಂತಲೂ ಕೇಳಿದ್ದೀಯ. ಸುಮ್ನೆ ಇರು. 250 ಗ್ರಾಮಿಗಿಂತ ಜಾಸ್ತಿ ತೂಕದ್ದನ್ನು ದುಡ್ಡಿಗೆ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು, ಬಜ್ಪೆ ಏರ್‌ಪೋರ್ಟಿನ ಸುತ್ತಮುತ್ತ ಬೇರೆಯೇ ನಿರ್ಬಂಧ. ಅದೆಲ್ಲ ಇರುವವನನ್ನು ಆ ದಿನಕ್ಕೆ ಕರೆಸಿದರೆ ಆಯಿತು.

ಬೆಳಕಿನ ವಿಷಯ ನಮ್ಮ ಊರಿನವರಿಗೆ ಮಾತ್ರ ಹೇಳಬೇಕಾದದ್ದು. ಯೂಟ್ಯೂಬಿನಲ್ಲಿ ಎಲ್ಲರೂ ಫ್ಲ್ಯಾಶನ್ನು ಸೀಲಿಂಗಿಗೆ ತಿರುಗಿಸಿ ಅನ್ನುತ್ತಾರೆ. ಅವರ ಮನೆಯಲ್ಲಿ ಬಿಳಿ ಸೀಲಿಂಗ್. ನೀನು ಮೆಹೆಂದಿಗೆ ಹೋಗುವ ಮನೆಯಲ್ಲಿ ಹಂಚಿನ ಮಾಡು. ಹಂಚು ಅರ್ಧ ಬೆಳಕನ್ನು ತಿಂದುಬಿಡುತ್ತದೆ, ಉಳಿದದ್ದು ಕೆಂಪಾಗಿ ಕೆಳಗೆ ಬರುತ್ತದೆ. ಹುಡುಗಿಯ ಮುಖ ಇಟ್ಟಿಗೆ ಬಣ್ಣ. ನಾನು ಮಾಡುವುದು ಇಷ್ಟೇ. ಆ ಮನೆಯದ್ದೇ ಒಂದು ಒಗೆದ ಬಿಳಿ ಮುಂಡು ಕೇಳುತ್ತೇನೆ, ಇಬ್ಬರು ಮಕ್ಕಳ ಕೈಯಲ್ಲಿ ಎರಡು ತುದಿ ಹಿಡಿಸಿ ಬದಿಗೆ ನಿಲ್ಲಿಸುತ್ತೇನೆ, ಫ್ಲ್ಯಾಶನ್ನು ಅದಕ್ಕೆ ಹೊಡೆಯುತ್ತೇನೆ. ಕಿಟಕಿ ಪಕ್ಕ ಕೂತ ಹಾಗೆ ಮೆತ್ತಗಿನ ಬೆಳಕು ಬರುತ್ತದೆ. ಮಕ್ಕಳಿಗೆ ಚಾಕಲೇಟ್ ಕೊಡಬೇಕು, ಅದು ನಿನ್ನ ಖರ್ಚು. ಹಗಲಲ್ಲಿ ಮಲ್ಪೆ ಬೀಚ್ ಕಡೆ ಹೋದರೆ ಬಿಸಿಲನ್ನು ಮುಖಕ್ಕೆ ತಿರುಗಿಸಲು ಬಿಳಿ ಥರ್ಮೊಕೋಲ್ ಹಾಳೆ ಸಾಕು. ಗಾಳಿಗೆ ಹಾರದ ಹಾಗೆ ಒಬ್ಬ ಹಿಡಿದಿರಬೇಕು ಅಷ್ಟೇ.

ಕ್ಯಾಥೊಲಿಕರ ಮದುವೆಗೆ ಮೊದಲಿನ ಶಾಸ್ತ್ರ ರೋಸ್‌ಗೆ ಮೊದಲ ಸಲ ಹೋಗುವಾಗ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕಟ್ಟಿಕೋ. ತೆಂಗಿನ ಹಾಲು ಹಚ್ಚುವುದು ಶಾಂತವಾಗಿಯೇ ಶುರುವಾಗುತ್ತದೆ. ಕಸಿನ್‌ಗಳ ಸರದಿ ಬಂದ ಮೇಲೆ ಯಾರ ಮೇಲೆ ಎಲ್ಲಿಂದ ಬೀಳುತ್ತದೆ ಗೊತ್ತಾಗುವುದಿಲ್ಲ. ನನ್ನ ಫ್ಲ್ಯಾಶಿನೊಳಗೆ ಹೋದ ಹಾಲು ಮೂರನೇ ದಿನ ವಾಸನೆ ಹೊಡೆಯಿತು.

ಇನ್ನು ಫಂಗಸ್. ನಮ್ಮ ಕರಾವಳಿಯಲ್ಲಿ ಲೆನ್ಸ್ ಹಾಳಾಗುವುದು ಬಿದ್ದು ಅಲ್ಲ, ಕೂತು. ಜೂನಿನಿಂದ ಬ್ಯಾಗಿನಲ್ಲೇ ಇಟ್ಟರೆ ಸೆಪ್ಟೆಂಬರಿನಲ್ಲಿ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಸಣ್ಣ ಎಳೆ ಕಾಣುತ್ತದೆ. ತೇವ ತೆಗೆಯುವ ಡ್ರೈ ಕ್ಯಾಬಿನೆಟ್‌ಗೆ ಈಗಲೇ ದುಡ್ಡು ಹಾಕಬೇಡ. ಅಕ್ಕಿ ಹಾಕುವಂಥ, ಗಾಳಿ ಆಡದ ಮುಚ್ಚಳದ ಡಬ್ಬಿ, ಬಣ್ಣ ಬದಲಾಗುವ ಸಿಲಿಕಾ ಜೆಲ್ ಅರ್ಧ ಕಿಲೋ, ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್. ಮೀಟರಿನಲ್ಲಿ ಶೇಕಡಾ 45ರ ಆಸುಪಾಸು ಇದ್ದರೆ ಒಳ್ಳೆಯದು, 60 ದಾಟಿದರೆ ಜೆಲ್ ತೆಗೆದು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡು. ಅಡುಗೆಯ ಬಾಣಲೆ ಬೇಡ, ಬೇರೆ ಇಡು. ನಾನು ಅಮ್ಮನ ದೋಸೆ ಕಾವಲಿ ಮುಟ್ಟಿ ಬೈಸಿಕೊಂಡವನು.

ದುಡ್ಡಿನ ಮಾತು. ನೀನು ತಿಂಗಳ ಸಂಬಳದವನು, ಇಲ್ಲಿ ತಿಂಗಳು ಅನ್ನುವುದೇ ಇಲ್ಲ. ಆಟಿಯಲ್ಲಿ ನಮ್ಮ ಕಡೆಯ ಮದುವೆ ನಿಲ್ಲುತ್ತದೆ, ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ ಇಗರ್ಜಿಯ ಮದುವೆ ನಿಲ್ಲುತ್ತದೆ. ಏಪ್ರಿಲ್-ಮೇಯಲ್ಲಿ ಬಂದದ್ದರಲ್ಲಿ ಮಳೆಗಾಲ ಕಳೆಯಬೇಕು. ರೇಟ್ ಹೇಳುವಾಗ ಮದುವೆಯ ಒಂದು ದಿನ ಮಾತ್ರ ಲೆಕ್ಕ ಹಾಕಬೇಡ. ಒಂದು ಮದುವೆಗೆ ನಾನು ಕಂಪ್ಯೂಟರ್ ಎದುರು ಕೂರುವುದು ಐದು ದಿನ. ಬುಕಿಂಗಿಗೆ ಅರ್ಧ, ಮದುವೆ ದಿನ ಉಳಿದದ್ದರಲ್ಲಿ ಬಹುಪಾಲು, ಆಲ್ಬಮ್ ಕೊಡುವಾಗ ಸ್ವಲ್ಪ ಮಾತ್ರ ಉಳಿಯಲಿ. ಇದನ್ನು ಕಾಗದದಲ್ಲಿ ಬರೆಸಿಕೋ, ಸಂಬಂಧಿಕರಾದರೂ. ಒಂದು ಜೋಡಿ ಆಲ್ಬಮ್‌ಗೆ ಫೋಟೊ ಆರಿಸಿ ಕಳಿಸಿದ್ದು ಮಗುವಿನ ನಾಮಕರಣ ಆದ ಮೇಲೆ. ಅಲ್ಲಿಯವರೆಗೆ ನನ್ನ ಬಾಕಿ ದುಡ್ಡು ಅವರ ಹತ್ತಿರವೇ. ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ, ನಿಜ. ಆದರೆ ಮೊದಲ ಮಳೆಗಾಲ ಕಳೆಯದೆ ಕಂತು ತಲೆಗೆ ಕಟ್ಟಿಕೊಳ್ಳಬೇಡ. ರಥಬೀದಿಯಲ್ಲೋ ಹಂಪನಕಟ್ಟೆಯಲ್ಲೋ ಸ್ಟುಡಿಯೊ ಬೋರ್ಡ್ ಹಾಕುವ ಆಸೆಯೂ ಈಗ ಬೇಡ.

ಕೈ ಪಳಗಿಸುವುದಕ್ಕೆ ಕ್ಲಾಸ್ ಬೇಡ, ಯಕ್ಷಗಾನಕ್ಕೆ ಹೋಗು. ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಟರೆ ಮೇ ಕೊನೆಯ ಪತ್ತನಾಜೆವರೆಗೆ ಎಲ್ಲಾದರೊಂದು ಬಯಲಿನಲ್ಲಿ ಆಟ ಇದ್ದೇ ಇರುತ್ತದೆ. ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಆ ಬೆಳಕಿನಲ್ಲಿ ಫ್ಲ್ಯಾಶ್ ಹಾಕದೆ, ಐಎಸ್ಒ (ಕಡಿಮೆ ಬೆಳಕಿಗೆ ಏರಿಸುವ ಸೆಟ್ಟಿಂಗ್) 3200ರಲ್ಲಿ, ದಿಗಿಣ ಹಾರಿ ಗಿರಗಿರನೆ ತಿರುಗುವವನ ಮುಖ ಸ್ಪಷ್ಟವಾಗಿ ಹಿಡಿದೆ ಅಂದರೆ ಮದುವೆ ಹಾಲ್ ನಿನಗೆ ಲೆಕ್ಕಕ್ಕೇ ಇಲ್ಲ. ವೇಷ ಕಟ್ಟುವ ಚೌಕಿಗೆ ಕೇಳಿಯೇ ಹೋಗು. ದೈವದ ಕೋಲಕ್ಕೆ ಮಾತ್ರ ಕ್ಯಾಮೆರಾ ತರುವ ಮೊದಲೇ ಮನೆಯವರನ್ನು ಕೇಳು. ಬೇಡ ಅಂದರೆ ಕೈ ಮುಗಿದು ಕೂತು ನೋಡು.

ಕಂಕನಾಡಿಯಲ್ಲಿ ಒಬ್ಬರು ಡಿ7200 ಮಾರುತ್ತಿದ್ದಾರೆ, 34 ಸಾವಿರ ಓಡಿದೆಯಂತೆ. ಆದಿತ್ಯವಾರ ಹನ್ನೊಂದಕ್ಕೆ ಜ್ಯೋತಿ ಸ್ಟಾಪಿನಲ್ಲಿ ಬಸ್ ಇಳಿಯುತ್ತೇನೆ, ನೀನು ಅಲ್ಲಿಗೇ ಬಾ. ಬರುವಾಗ ಒಂದು ಖಾಲಿ ಕಾರ್ಡ್ ತಾ, ಲೆನ್ಸಿನೊಳಗೆ ನೋಡಲಿಕ್ಕೆ ಟಾರ್ಚ್ ನಾನು ತರುತ್ತೇನೆ. ಅಡ್ವಾನ್ಸ್ ಅಂತ ಮೊದಲೇ ಯಾರಿಗೂ ಗೂಗಲ್ ಪೇ ಮಾಡಬೇಡ.

ನಿನ್ನ
ದೋಸ್ತಿ