ಕೊಚ್ಚಿಯಲ್ಲಿ ಸೋತ ಮರುದಿನ ಗೆಳೆಯನಿಗೊಂದು ಪತ್ರ

22 ಸೆಪ್ಟೆಂಬರ್ 2023

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. "ಛೇತ್ರಿನೇ ಇಲ್ಲ ಅಂದ್ಮೇಲೆ ಇನ್ನೇನಾಗುತ್ತೆ, ಬಿಡು" ಅಂತ ಒಂದೇ ಸಾಲು ಬರೆದು ಮಲಗಿಬಿಟ್ಟಿದ್ದೀಯ. ಕ್ಯಾಪ್ಟನ್ ಛೇತ್ರಿ ಇರಲಿಲ್ಲ ಅಂತ ನನಗೆ ಅಷ್ಟು ಸುಲಭಕ್ಕೆ ಬಿಡೋಕೆ ಆಗಲಿಲ್ಲ. ಫೋನ್ ಮಾಡಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಕೂಗಾಡುತ್ತೇನೆ, ಮಾತು ಎಲ್ಲಿಗೋ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದಲಿ ಅಂತಲೇ ಹಾಕುತ್ತಿದ್ದೇನೆ ಕೂಡ. ನಿನ್ನೆ ನಿದ್ದೆಗೆಟ್ಟ ಬಿಎಫ್‌ಸಿ (ನಮ್ಮ ಬೆಂಗಳೂರು ಫುಟ್‌ಬಾಲ್ ಕ್ಲಬ್) ಅಭಿಮಾನಿ ನಾನೊಬ್ಬನೇ ಅಲ್ಲವಲ್ಲ.

ಸೋಲು ಸೋಲೇ. ಕೇರಳ ಬ್ಲಾಸ್ಟರ್ಸ್ 2, ಬೆಂಗಳೂರು ಎಫ್‌ಸಿ 1. ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್ಎಲ್‌ನ ಹತ್ತನೇ ಸೀಸನ್ನಿನ ಮೊಟ್ಟಮೊದಲ ಪಂದ್ಯ, ಅದೂ ಕೊಚ್ಚಿಯಲ್ಲಿ. ಇಪ್ಪತ್ತೆರಡು ಪಂದ್ಯಗಳ ಲೀಗ್‌ನಲ್ಲಿ ಒಂದು ಹೋದರೆ ಆಕಾಶ ಕಳಚಿ ಬೀಳುವುದಿಲ್ಲ, ಗೊತ್ತು. ಬೇರೆ ಯಾವ ತಂಡದ ಎದುರು ಸೋತಿದ್ದರೂ ಇಷ್ಟು ಹೊತ್ತಿಗೆ ಮರೆತು ಬೇರೆ ಕೆಲಸ ನೋಡುತ್ತಿದ್ದೆ. ಆದರೆ ಇವರ ಎದುರಲ್ಲ. ಈ ವರ್ಷವಂತೂ ಅಲ್ಲ.

ಮಾರ್ಚ್ 3 ನೆನಪಿದೆ ತಾನೇ? ಮರೆಯೋದು ಹೇಗೆ! ಕಂಠೀರವದಲ್ಲಿ ಪ್ಲೇಆಫ್, ಹೆಚ್ಚುವರಿ ಸಮಯದ ಆಟ, ಬಾಕ್ಸ್ ಹೊರಗೆ ನಮಗೊಂದು ಫ್ರೀಕಿಕ್. ಅವರು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುವ ಯೋಚನೆಯಲ್ಲಿದ್ದರು, ಗೋಲ್‌ಕೀಪರ್ ಇನ್ನೂ ಜಾಗಕ್ಕೆ ಬಂದಿರಲಿಲ್ಲ, ಛೇತ್ರಿ ಒದ್ದೇಬಿಟ್ಟ. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಮೈದಾನದಿಂದ ಆಚೆ ಕರೆದುಕೊಂಡು ಹೋದರು. ಅವರು ವಾಪಸ್ ಬರಲೇ ಇಲ್ಲ. ನಾವು ಸೆಮಿಫೈನಲ್‌ಗೆ ಹೋದೆವು. ಆಮೇಲೆ ಅವರ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ.

ಆ ಗೋಲು ನಿಯಮದ ಪ್ರಕಾರ ಸರಿ ಅಂತಲೇ ನಾನು ಇವತ್ತಿಗೂ ಹೇಳುತ್ತೇನೆ. ಎದುರಾಳಿ ಗೋಡೆ ಕಟ್ಟಿ ಮುಗಿಸುವ ತನಕ ಕಾಯಲೇಬೇಕು ಅಂತ ಎಲ್ಲೂ ಇಲ್ಲ. ಆದರೂ ಒಂದು ಮಾತು ನಿನಗೆ ಮಾತ್ರ ಹೇಳಬಹುದಿತ್ತು, ಈಗ ಎಲ್ಲರೆದುರೇ ಹೇಳುತ್ತೇನೆ. ಆವತ್ತು ನಾವು ಕುಣಿದಾಡಿದೆವು ನಿಜ, ಆದರೆ ಆ ಖುಷಿಯಲ್ಲಿ ಏನೋ ಒಂದು ಕಮ್ಮಿ ಇತ್ತು. ಎದುರಾಳಿ ಬಿಟ್ಟುಹೋದ ಪಂದ್ಯ ಗೆದ್ದರೆ ಪೂರ್ತಿ ಗೆದ್ದ ಹಾಗೆ ಆಗುವುದಿಲ್ಲ. ಆಮೇಲೆ ಸೂಪರ್ ಕಪ್‌ನಲ್ಲಿ 1-1, ಮೊನ್ನೆ ಆಗಸ್ಟ್‌ನಲ್ಲಿ ಡುರಾಂಡ್ ಕಪ್‌ನಲ್ಲಿ 2-2. ಎರಡೂ ಡ್ರಾ. ಡುರಾಂಡ್‌ಗೆ ನಾವು ಮುಖ್ಯ ತಂಡವನ್ನೂ ಕಳಿಸಿರಲಿಲ್ಲ. ಹಾಗಾಗಿ ಲೆಕ್ಕ ಬಾಕಿ ಉಳಿದಿತ್ತು. ನಿನ್ನೆ ಅವರ ಊರಲ್ಲಿ, ಅವರ ಹಳದಿ ಸಮುದ್ರದ ನಡುವೆ, ತೊಂಬತ್ತು ನಿಮಿಷ ಆಡಿ ಗೆದ್ದಿದ್ದರೆ ಅವರ ಅಭಿಮಾನಿ ಬಳಗ ಮಂಜಪ್ಪಡದವರ ಬಾಯಿ ಮುಚ್ಚುತ್ತಿತ್ತು. ಅದಕ್ಕಿಂತ ಜಾಸ್ತಿ, ನಮ್ಮ ಮನಸ್ಸಿನ ಆ ಕಿರಿಕಿರಿ ಹೋಗುತ್ತಿತ್ತು.

ಸೋತೆವಲ್ಲ ಅನ್ನೋದಕ್ಕಿಂತ, ಆ ಲೆಕ್ಕ ತೀರಿಸುವ ಹಟ ನಮ್ಮವರ ಆಟದಲ್ಲಿ ಕಾಣಲೇ ಇಲ್ಲವಲ್ಲ ಅನ್ನೋದೇ ನನ್ನ ಸಂಕಟ.

ಮೊದಲರ್ಧದಲ್ಲಿ ಗೋಲಿಲ್ಲ. ಹೊರಗಿನ ಮೈದಾನದಲ್ಲಿ 0-0 ಅಂದರೆ ಕೆಟ್ಟದ್ದೇನೂ ಅಲ್ಲ, ಎರಡನೇ ಅರ್ಧಕ್ಕೆ ಕಾಯುತ್ತಿದ್ದಾರೆ ಅಂತ ಸಮಾಧಾನ ಮಾಡಿಕೊಂಡೆ. 52ನೇ ನಿಮಿಷಕ್ಕೆ ಅವರ ಆಡ್ರಿಯಾನ್ ಲೂನಾ ಕಾರ್ನರ್ ಹಾಕಿದ. ಚೆಂಡು ನಮ್ಮದೇ ಕೆಜಾಯಾ ವೀನ್‌ಡಾರ್ಪ್‌ಗೆ ತಾಗಿ ನಮ್ಮದೇ ಗೋಲಿಗೆ ಹೋಯಿತು. ಪಾಪ, ನೆದರ್ಲೆಂಡ್ಸ್‌ನಿಂದ ಬಂದು ಲೀಗ್‌ನಲ್ಲಿ ಆಡಿದ ಮೊದಲ ಪಂದ್ಯ. ಸೀಸನ್ನಿನ ಮೊದಲ ಗೋಲೂ ಅದೇ. ಇಂಥ ದಾಖಲೆ ಯಾರಿಗೂ ಬೇಡ.

ಸರಿ, ಸೆಲ್ಫ್ ಗೋಲು ಯಾರಿಗಾದರೂ ಆಗುತ್ತೆ. 69ನೇ ನಿಮಿಷದ್ದೇ ನಿನ್ನೆ ರಾತ್ರಿಯಿಂದ ಎಲ್ಲರ ಬಾಯಲ್ಲಿ ಇರೋದು. ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಕಾಲಲ್ಲಿ ಚೆಂಡಿತ್ತು. ಒಂದು ಟಚ್ ಸ್ವಲ್ಪ ದೂರ ಹೋಯಿತು. ಲೂನಾ ಓಡಿ ಬಂದು ಕಿತ್ತುಕೊಂಡ, ಖಾಲಿ ಗೋಲಿಗೆ ತಳ್ಳಿದ. ನಾನು ಟಿವಿ ಮುಂದೆ ತಲೆ ಮೇಲೆ ಕೈಹೊತ್ತು ಕೂತೆ. ನೀನೂ ಹಾಗೇ ಕೂತಿರುತ್ತೀಯ.

ಆದರೆ ಆಮೇಲೆ ನಮ್ಮವರೇ ಗುರ್‌ಪ್ರೀತ್‌ಗೆ ಬೈದ ಬೈಗುಳ ಓದಿ ನಿಜಕ್ಕೂ ಬೇಜಾರಾಯಿತು. ಜುಲೈ 4ಕ್ಕೆ ಇದೇ ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್, ಭಾರತಕ್ಕೆ ಕುವೈತ್ ಎದುರು ಶೂಟೌಟ್. ಕೊನೆಯ ಪೆನಾಲ್ಟಿ ತಡೆದವರು ಯಾರು? ಆವತ್ತು ಅವರ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವರು ಯಾರು? ಮಾರ್ಚ್‌ನಲ್ಲಿ ಮುಂಬೈ ಸಿಟಿ ಎದುರಿನ ಸೆಮಿಫೈನಲ್ ಶೂಟೌಟ್ 9-8ಕ್ಕೆ ಹೋದಾಗ ಮೆಹ್ತಾಬ್ ಸಿಂಗ್‌ನ ಒದೆತ ಹಿಡಿಯದೇ ಇದ್ದಿದ್ದರೆ ನಾವು ಫೈನಲ್‌ಗೇ ಹೋಗುತ್ತಿರಲಿಲ್ಲ. ಎರಡೂವರೆ ತಿಂಗಳಲ್ಲಿ ದೇವರು ದಂಡಪಿಂಡ ಆಗಿಬಿಟ್ಟರಾ? ಫಾರ್ವರ್ಡ್ ಆದವನು ಹತ್ತು ಅವಕಾಶ ಹಾಳು ಮಾಡಿ ಹನ್ನೊಂದನೆಯದು ಹೊಡೆದರೆ ಹೀರೊ. ಗೋಲ್‌ಕೀಪರ್‌ಗೆ ಆ ಭಾಗ್ಯ ಇಲ್ಲ ನೋಡು. ಹತ್ತು ಹಿಡಿದು ಒಂದು ಬಿಟ್ಟರೆ ಆ ಒಂದನ್ನೇ ವಾರವಿಡೀ ತಿರುಗಿಸಿ ತಿರುಗಿಸಿ ತೋರಿಸುತ್ತಾರೆ.

ಹಾಗಂತ ಅದು ತಪ್ಪಲ್ಲ ಅಂತ ವಾದ ಮಾಡುತ್ತಿಲ್ಲ. ತಪ್ಪೇ. ಆದರೆ ನನ್ನ ಪ್ರಶ್ನೆ ಬೇರೆ. ಕೀಪರ್ ಕಾಲಿಗೆ ಚೆಂಡು ಬಂದಾಗ ಮುಂದೆ ಕೊಡೋಕೆ ಯಾರಿದ್ದರು? ಹಿಂದಿನಿಂದ ಪಾಸ್ ಮಾಡುತ್ತಾ ಆಟ ಕಟ್ಟಬೇಕು ಅಂದರೆ ಮಧ್ಯದಲ್ಲಿ ಇರುವವರು ಬಂದು ಕೇಳಬೇಕು, ಎದುರಾಳಿಯನ್ನು ಅತ್ತಿತ್ತ ಎಳೆಯಬೇಕು. ನಿನ್ನೆ ಮಿಡ್‌ಫೀಲ್ಡ್‌ನಲ್ಲಿ ಅಂಥ ಚಲನೆಯೇ ಕಮ್ಮಿ ಇತ್ತು. ಹಾವಿ ಹರ್ನಾಂಡೆಜ್ ಒಬ್ಬನೇ ಎಷ್ಟು ಅಂತ ಹೊತ್ತುಕೊಳ್ಳುತ್ತಾನೆ? ಸುಮ್ನೆ ಉದ್ದಕ್ಕೆ ಒದ್ದು, ಮುಂದೆ ಕರ್ಟಿಸ್ ಮೇನ್ ಏನಾದರೂ ಮಾಡಲಿ ಅಂತ ನೋಡುವುದು ಯೋಜನೆಯಲ್ಲ.

ಮೇನ್ ಏನೋ ಮಾಡಿಯೂ ತೋರಿಸಿದ, ಆ ಮಾತು ಬೇರೆ. 90ನೇ ನಿಮಿಷದಲ್ಲಿ ನಮ್ಮ ಒಂದೇ ಒಂದು ಗೋಲು ಅವನದು. ಹೊಸ ಇಂಗ್ಲಿಷ್ ಸ್ಟ್ರೈಕರ್, ಲೀಗ್‌ನ ಮೊದಲ ಪಂದ್ಯದಲ್ಲೇ ಖಾತೆ ತೆರೆದ. ಆಮೇಲಿನ ಕೆಲವೇ ನಿಮಿಷ ನಮ್ಮವರು ಆಡಿದ ರೀತಿ ನೋಡಿದೆಯಾ? ಇದ್ದಕ್ಕಿದ್ದಂತೆ ಎಲ್ಲರಿಗೂ ಕಾಲು ಬಂತು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಆ ಆಟ ಅರವತ್ತನೇ ನಿಮಿಷದಲ್ಲಿ ಎಲ್ಲಿತ್ತು? 1-0 ಅಂದರೆ ಇನ್ನೂ ಪಂದ್ಯ ಕೈಯಲ್ಲೇ ಇದೆ ಅಂತ ಯಾರಿಗೂ ಅನ್ನಿಸಲಿಲ್ಲವಾ?

ಈಗ ನಿನ್ನ ಸಾಲಿಗೆ ಬರುತ್ತೇನೆ. ಛೇತ್ರಿ ಇರಲಿಲ್ಲ, ನಿಜ. ಏಷ್ಯನ್ ಗೇಮ್ಸ್‌ಗೆ ಹಾಂಗ್‌ಝೌಗೆ ಹೋಗಿದ್ದಾರೆ. ನಿನ್ನೆಯೇ ಅಲ್ಲಿ ಬಾಂಗ್ಲಾದೇಶದ ಎದುರು ಭಾರತ 1-0ಯಿಂದ ಗೆದ್ದಿತು, ಆ ಒಂದು ಗೋಲು ಛೇತ್ರಿ ಹೊಡೆದ ಪೆನಾಲ್ಟಿ. ಎಂಥಾ ದಿನ ನೋಡು! ನಮ್ಮ ಕ್ಯಾಪ್ಟನ್ ಚೀನಾದಲ್ಲಿ ದೇಶವನ್ನು ಗೆಲ್ಲಿಸಿದ ದಿನವೇ ಅವರ ಕ್ಲಬ್ ಕೊಚ್ಚಿಯಲ್ಲಿ ಸೋತಿತು. 39 ವರ್ಷದ ಮನುಷ್ಯ, ಎರಡು ದಿನದ ಹಿಂದೆ ತಾನೇ ಚೀನಾ ಎದುರು 5-1ರಿಂದ ಸೋತು, ಮತ್ತೆ ಎದ್ದು ಬಂದು ಆಡಿದ್ದಾರೆ. ಏಷ್ಯನ್ ಗೇಮ್ಸ್ ನಡೆಯುವಾಗಲೇ ಲೀಗ್ ಶುರು ಮಾಡುವ ಬುದ್ಧಿ ಯಾರಿಗೆ ಬಂತೋ! ಆಟಗಾರರನ್ನು ಬಿಟ್ಟುಕೊಡೋಕೆ ಎಷ್ಟೋ ಕ್ಲಬ್‌ಗಳು ಮೀನಮೇಷ ಎಣಿಸುವಾಗ ನಮ್ಮ ಕ್ಲಬ್ ತನ್ನ ಕ್ಯಾಪ್ಟನ್‌ನನ್ನೇ ಕಳಿಸಿತು. ಅದಕ್ಕೆ ನನಗೆ ಹೆಮ್ಮೆಯೇ ಇದೆ.

ಆದರೆ ಅದು ನೆಪವಾಗಬಾರದು. ಬ್ಲಾಸ್ಟರ್ಸ್ ಕಡೆ ನೋಡು. ರಾಹುಲ್ ಕೆ.ಪಿ., ಬ್ರೈಸ್ ಮಿರಾಂಡ ಇಬ್ಬರೂ ಅದೇ ಏಷ್ಯನ್ ಗೇಮ್ಸ್ ತಂಡದಲ್ಲಿದ್ದಾರೆ. ಕಳೆದ ಸೀಸನ್‌ನಲ್ಲಿ ಗೋಲು ಮೇಲೆ ಗೋಲು ಹೊಡೆದ ಡಿಯಮಾಂಟಕೋಸ್ ಕೂಡ ನಿನ್ನೆ ಇರಲಿಲ್ಲ. ಕೋಚ್ ನಿಷೇಧದಲ್ಲಿ ಹೊರಗೆ, ಸಹಾಯಕ ಫ್ರಾಂಕ್ ಡಾವೆನ್ ನಿಂತು ತಂಡ ನಡೆಸಿದರು. ಅವರಿಗೂ ಇಷ್ಟೆಲ್ಲಾ ಕೊರತೆ ಇತ್ತಲ್ಲ? ಅವರಲ್ಲಿ ಇದ್ದದ್ದು, ನಮ್ಮಲ್ಲಿ ಇಲ್ಲದ್ದು ಆ ಮಾರ್ಚ್ ತಿಂಗಳ ಸಿಟ್ಟು. ಲೂನಾ ಆಡಿದ್ದು ನೋಡಿದರೆ ಆರು ತಿಂಗಳಿಂದ ಈ ದಿನಕ್ಕೇ ಕಾದಿದ್ದ ಅನ್ನಿಸಿತು. ಸಿಟ್ಟು ಬರಬೇಕಾದದ್ದು ನಮಗೂ ಅಲ್ವಾ? ಮೋಸದ ತಂಡ ಅಂತ ಅನ್ನಿಸಿಕೊಂಡವರು ನಾವು.

ಇನ್ನೊಂದು ವಿಷಯ ಚುಚ್ಚುತ್ತಿದೆ. ಕಳೆದ ಸೀಸನ್ನಿನ ತಂಡ ಎಲ್ಲಿ? 2022ರಲ್ಲಿ ಡುರಾಂಡ್ ಗೆದ್ದೆವು. ಐಎಸ್ಎಲ್‌ನಲ್ಲಿ ಮೊದಲು ಎಡವಿ ಎಡವಿ, ಆಮೇಲೆ ಸತತ ಎಂಟು ಪಂದ್ಯ ಗೆದ್ದು ಪ್ಲೇಆಫ್ ಮುಟ್ಟಿದೆವು. ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲಿ ಸೋತೆವು, ಸೂಪರ್ ಕಪ್ ಫೈನಲ್‌ನಲ್ಲಿ ಒಡಿಶಾ ಎದುರು ಸೋತೆವು. ಒಂದೇ ಸೀಸನ್ನಲ್ಲಿ ಮೂರು ಫೈನಲ್! ಬೇರೆ ಕ್ಲಬ್ ಆಗಿದ್ದರೆ ಆ ತಂಡಕ್ಕೆ ಒಂದಿಬ್ಬರನ್ನು ಸೇರಿಸಿ ಮುಂದೆ ಹೋಗುತ್ತಿತ್ತು. ನಮ್ಮಲ್ಲಿ ಏನಾಯಿತು? ರಾಯ್ ಕೃಷ್ಣ ಒಡಿಶಾಗೆ. ಝಿಂಗನ್ ಗೋವಾಗೆ. 2014ರಿಂದ ಇದ್ದ ಉದಾಂತನೂ ಗೋವಾಗೆ. ಪ್ರಬೀರ್ ದಾಸ್ ಅಂತೂ ನೇರ ಬ್ಲಾಸ್ಟರ್ಸ್‌ಗೇ ಹೋದ! ಅವರ ಕಡೆಯಿಂದ ಜೆಸೆಲ್ ನಮ್ಮ ಕಡೆ ಬಂದ. ಹೊಸಬರು ಕೆಟ್ಟವರು ಅಂತಲ್ಲ. ಆದರೆ ಹೊಂದಿಕೊಳ್ಳೋಕೆ ಸಮಯ ಬೇಕು. ನಮ್ಮ ಕೋಚ್ ಸೈಮನ್ ಗ್ರೇಸನ್ ಕಳೆದ ವರ್ಷವೂ ಆ ಸಮಯ ಕೇಳಿ, ತೆಗೆದುಕೊಂಡು, ಕೊನೆಗೆ ಗೆಲ್ಲಿಸಿ ತೋರಿಸಿದರು. ಈ ಸಲವೂ ಅದೇ ಆಗುತ್ತೆ ಅಂತ ನಂಬಬೇಕು ಅನ್ನಿಸುತ್ತೆ, ಆದರೆ ನಿನ್ನೆಯ ಆಟ ನೋಡಿದ ಮೇಲೆ ನಂಬಿಕೆ ಅರ್ಧಕ್ಕೆ ಇಳಿದಿದೆ. ಪ್ರತಿ ವರ್ಷ ಎಂಟು ಪಂದ್ಯ ಸಾಲಾಗಿ ಗೆಲ್ಲೋಕೆ ಆಗುತ್ತಾ? ಆರಂಭದಲ್ಲೇ ಅಂಕ ಕಳೆದುಕೊಂಡು ಫೆಬ್ರವರಿಯಲ್ಲಿ ಕ್ಯಾಲ್ಕುಲೇಟರ್ ಹಿಡಿಯುವ ಕರ್ಮ ಯಾಕೆ?

ಕೊಚ್ಚಿ ಅಂದರೆ ನನಗೆ ಮೊದಲು ನೆನಪಾಗೋದು 2017ರ ಡಿಸೆಂಬರ್ 31. ಐಎಸ್ಎಲ್‌ನಲ್ಲಿ ನಮ್ಮ ಮೊದಲ ವರ್ಷ, ಊರೆಲ್ಲಾ ಹೊಸ ವರ್ಷದ ಗದ್ದಲದಲ್ಲಿತ್ತು. ನಮ್ಮ ಹುಡುಗರು ಅದೇ ಮೈದಾನದಲ್ಲಿ 3-1ರಿಂದ ಗೆದ್ದರು. ಮೊದಲನೆಯದು ಛೇತ್ರಿ ಪೆನಾಲ್ಟಿ, ಆಮೇಲೆ ಮಿಕು ಎರಡು. ಆ ತಂಡಕ್ಕೆ ಹೆದರಿಕೆ ಅನ್ನೋದೇ ಇರಲಿಲ್ಲ. ಅಷ್ಟು ದೊಡ್ಡ ಗದ್ದಲದ ನಡುವೆಯೂ ಚೆಂಡು ಕೇಳಿ ಪಡೆದುಕೊಂಡು ಆಡುತ್ತಿದ್ದರು. ಮಿಕು ಥರದವನನ್ನು ಮತ್ತೆ ಕರೆತರಬೇಕು ಅಂತ ನಾನು ಹೇಳುತ್ತಿಲ್ಲ, ಕಾಲ ಬದಲಾಗಿದೆ. ಆದರೆ ಆ ಧೈರ್ಯಕ್ಕೆ ಟ್ರಾನ್ಸ್‌ಫರ್ ಫೀ ಬೇಕಾಗಿಲ್ಲವಲ್ಲ.

ಬ್ಲಾಸ್ಟರ್ಸ್ ಅಭಿಮಾನಿಗಳ ಬಗ್ಗೆ ಒಂದು ಮಾತು. ನನ್ನ ಫೋನ್ ತುಂಬಾ ಅವರ ಮೀಮ್‌ಗಳೇ. ಫ್ರೀಕಿಕ್ ಬಗ್ಗೆ, ಲೂನಾ ಬಗ್ಗೆ, ಗುರ್‌ಪ್ರೀತ್ ಬಗ್ಗೆ. ಕೆಲವು ನಿಜಕ್ಕೂ ಚೆನ್ನಾಗಿವೆ, ನಾನೂ ನಕ್ಕೆ. ಮಾರ್ಚ್‌ನಿಂದ ನಾವು ಅವರನ್ನು ಆಡಿಕೊಂಡದ್ದು ಕಮ್ಮಿಯಾ? ಒಂದು ವಾರ ಅವರದ್ದು. ಇರಲಿ. ಅಷ್ಟು ಜನ ಒಂದು ಕ್ಲಬ್‌ಗೆ ಬಂದು ಕೂಗುತ್ತಾರಲ್ಲ, ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚೂ ಆಗುತ್ತೆ. ಕಂಠೀರವದ ವೆಸ್ಟ್ ಬ್ಲಾಕ್ ಸ್ಟ್ಯಾಂಡ್‌ನಲ್ಲಿ ನಮ್ಮವರು ತೊಂಬತ್ತು ನಿಮಿಷ ನಿಂತೇ ಹಾಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಉಳಿದ ಸ್ಟ್ಯಾಂಡ್‌ಗಳೂ ಹಾಗೆ ಎದ್ದು ನಿಂತರೆ ಹೇಗಿರುತ್ತೆ ಯೋಚಿಸು.

ಮುಂದಿನದು 27ಕ್ಕೆ, ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು. ಅಲ್ಲಿ ಗೆಲುವು ಸುಲಭ ಅಂತ ಯಾರೂ ಹೇಳೋದಿಲ್ಲ. ಭಾರತ 24ಕ್ಕೆ ಮ್ಯಾನ್ಮಾರ್ ಎದುರು ಆಡಿ ಮುಂದಿನ ಸುತ್ತಿಗೆ ಹೋದರೆ ಛೇತ್ರಿ ಆ ಪಂದ್ಯಕ್ಕೂ ಸಿಗೋದಿಲ್ಲ. ಭಾರತ ಗೆಲ್ಲಲಿ ಅಂತಲೇ ನನ್ನಾಸೆ. ಹಾಗಾಗಿ ಛೇತ್ರಿ ಇಲ್ಲದೆ ಹೇಗೆ ಆಡೋದು ಅನ್ನೋದನ್ನು ಗ್ರೇಸನ್ ಈ ಐದು ದಿನದಲ್ಲೇ ಕಂಡುಕೊಳ್ಳಬೇಕು. ಇವತ್ತಲ್ಲ ನಾಳೆ ಛೇತ್ರಿ ಇಲ್ಲದ ಬಿಎಫ್‌ಸಿ ನೋಡಲೇಬೇಕಲ್ಲ ನಾವು. ಹೇಳೋಕೆ ನಾಲಿಗೆ ಬರೋದಿಲ್ಲ, ಆದರೂ ಹೇಳಿದೆ.

ಅಕ್ಟೋಬರ್ 4ಕ್ಕೆ ಈಸ್ಟ್ ಬೆಂಗಾಲ್ ಕಂಠೀರವಕ್ಕೆ ಬರುತ್ತಿದೆ. ಈ ಸೀಸನ್ನಿನ ನಮ್ಮ ಮೊದಲ ಮನೆ ಪಂದ್ಯ. ಬುಧವಾರ, ರಜೆ ಸಿಗೋದು ಕಷ್ಟ ಅಂತ ರಾಗ ಎಳೆಯಬೇಡ. ವೆಸ್ಟ್ ಬ್ಲಾಕ್‌ಗೆ ಎರಡು ಟಿಕೆಟ್ ತೆಗೆಯುತ್ತೇನೆ. ಗುರ್‌ಪ್ರೀತ್ ವಾರ್ಮ್‌ಅಪ್‌ಗೆ ಬಂದಾಗ ಅವರ ಹೆಸರನ್ನು ಎಲ್ಲಕ್ಕಿಂತ ಜೋರಾಗಿ ಕೂಗೋದು ನಮ್ಮಿಬ್ಬರ ಕೆಲಸ. ಬರ್ತೀಯೋ ಇಲ್ವೋ ಅಂತ ಭಾನುವಾರದೊಳಗೆ ತಿಳಿಸು. ಈ ಸಲ ಒಂದೇ ಸಾಲಾದರೂ ಪರವಾಗಿಲ್ಲ.

ಇಂತಿ ನಿನ್ನ,
ನೀಲಿ ಜರ್ಸಿಯ ಗೆಳೆಯ