ಬಚ್ಚಲೊಲೆಯ ಹೊಗೆ

ಮಾತ್ಸುದೊ, ಜಪಾನ್

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ದೊಡ್ಡಮ್ಮ ತೋಟದ ಮನೆ ಬಿಟ್ಟು ಬರುವುದಿಲ್ಲ ಎಂದರಂತೆ. ಒತ್ತಾಯ ಮಾಡಬೇಡ. ಕಾಸರಗೋಡಿನ ಬದಿಯಡ್ಕದಿಂದ ಜನ ಕರೆಸಿ ಕ್ಯಾಮರಾ ಹಾಕಿಸುತ್ತೇನೆ ಎಂದೆಯಲ್ಲ, ಅದಕ್ಕೆ ಮಾತ್ರ ನನ್ನ ತಕರಾರು. ಫೋನಿನಲ್ಲಿ ಹೇಳಲು ಹೊರಟರೆ ಅರ್ಧದಲ್ಲಿ ರೇಂಜ್ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಯಾರಿಗೂ ತಿಳಿಯದೆ ಒಂಟಿಯಾಗಿ ಸಾಯುವುದಕ್ಕೆ ಇಲ್ಲಿ ‘ಕೊದೊಕುಶಿ’ ಎಂದು ಹೆಸರೇ ಇದೆ. 2024ರಲ್ಲಿ ಒಬ್ಬರೇ ವಾಸವಿದ್ದು ಮನೆಯಲ್ಲಿ ತೀರಿಕೊಂಡವರು 76,020 ಎಂದು ಪೊಲೀಸ್ ಲೆಕ್ಕ. ಅದರಲ್ಲಿ 58,044 ಮಂದಿ 65 ತುಂಬಿದವರು. ಎಲ್ಲರೂ ದಿನಗಟ್ಟಲೆ ಹಾಗೇ ಬಿದ್ದಿದ್ದವರಲ್ಲ. ಆದರೆ ಇದೇ ಊರಿನ ತೊಕಿವಾದಾಯಿರಾ ವಸತಿ ಸಮುಚ್ಚಯದಲ್ಲಿ 2000ದ ಸುಮಾರಿಗೆ ಒಬ್ಬರ ಅಸ್ಥಿಪಂಜರ ಸಿಕ್ಕಿತು, ಸತ್ತು ಮೂರು ವರ್ಷವಾಗಿತ್ತು. ಬಾಡಿಗೆ, ಕರೆಂಟು ಬಿಲ್ಲು ಎಲ್ಲ ಬ್ಯಾಂಕಿನಿಂದ ತನ್ನಷ್ಟಕ್ಕೆ ಹೋಗುತ್ತಿತ್ತು. ದುಡ್ಡು ಮುಗಿದ ಮೇಲೆಯೇ ಬಾಗಿಲು ತೆಗೆಸಿದ್ದು.

ಯಂತ್ರಗಳಿಗೆ ಇಲ್ಲಿ ಕೊರತೆಯಿಲ್ಲ. ಅಜ್ಜಿ ಚಹಾಕ್ಕೆ ಬಿಸಿನೀರು ಬಗ್ಗಿಸಿಕೊಂಡರೆ ದೂರದ ಮಗನಿಗೆ ದಿನಕ್ಕೆರಡು ಸಲ ಸುದ್ದಿ ಮುಟ್ಟಿಸುವ ಕೆಟಲ್ 2001ರಲ್ಲೇ ಬಂದಿತ್ತು. ಅದು ಸುದ್ದಿ ಹೇಳೀತು, ಬಿದ್ದವರನ್ನು ಎತ್ತಲಾರದು. ಅದಕ್ಕಿಂತ ನನಗೆ ಹಿಡಿಸಿದ್ದು ಯಾಕುಲ್ಟ್ ಎಂಬ ಹಾಲಿನ ಪಾನೀಯ ಮಾರುವ ಹೆಂಗಸರದ್ದು. 1972ರಿಂದ ಅವರು ಒಂಟಿ ಮುದುಕರ ಮನೆಗೆ ಬಾಟಲಿ ಕೊಡುವ ನೆಪದಲ್ಲೇ ಹೋಗಿ ಮಾತಾಡಿಸಿ ಬರುತ್ತಾರೆ. ‘ಹೇಗಿದ್ದೀರಿ ನೋಡಲು ಬಂದೆ’ ಎಂದರೆ ಮುದುಕರಿಗೆ ಮುಜುಗರ. ಹೋಗುವವರಿಗೂ ನಾಲ್ಕನೇ ದಿನಕ್ಕೆ ಬೇಸರ. ಕೈಯಲ್ಲಿ ಕೆಲಸ ಇದ್ದರೆ ಹೋಗುವುದು ನಿಲ್ಲುವುದಿಲ್ಲ.

ಕೆಲವು ಊರುಗಳಲ್ಲಿ ಬೆಳಗ್ಗೆ ಬಾಗಿಲಿಗೆ ಹಳದಿ ಬಾವುಟ ಸಿಕ್ಕಿಸಿ ಸಂಜೆ ಒಳಗಿಡುತ್ತಾರೆ. ಬಾವುಟ ಕಾಣದಿದ್ದರೆ ನೆರೆಯವರು ಹೋಗಿ ನೋಡಬೇಕು. ನಮ್ಮಲ್ಲಿ ಬಚ್ಚಲೊಲೆಯ ಹೊಗೆಯೇ ಆ ಬಾವುಟವಾಗಿತ್ತು. ಆರೂವರೆಗೆ ಹಂಚಿನ ಸಂದಿಯಿಂದ ಎದ್ದು ಅಡಿಕೆ ಮರದ ತಲೆಯ ಮೇಲೆ ನಿಂತರೆ ಆಚೆ ಗುಡ್ಡೆಯವರಿಗೂ ಗೊತ್ತು, ದೊಡ್ಡಮ್ಮ ಎದ್ದರು. ಗೀಸರ್ ಹಾಕಿಸಿದ್ದು ನಾವೇ!

ಈಗ ಮಾಡಬೇಕಾದ್ದು: ಸೊಸೈಟಿಗೆ ಹಾಲು ಒಯ್ಯುವ ಹುಡುಗ ಅದೇ ದಾರಿಯಲ್ಲಿ ಹೋಗುತ್ತಾನೆ. ದಿನಾ ಅರ್ಧ ಲೀಟರ್ ಹಾಲು ಅವನೇ ಕೊಡಲಿ, ಅದೂ ಕೈಗೇ ಕೊಡಲಿ. ತಡಮೆಗೆ ನೇತುಹಾಕಿ ಹೋದರೆ ಎಲ್ಲ ವ್ಯರ್ಥ, ಕೆಡುವುದೇ ಅಲ್ಲಿ. ಕರೆದರೆ ಉತ್ತರ ಬಾರದಿದ್ದರೆ ಪಕ್ಕದ ಮನೆಗೆ ಹೇಳಿ ಮುಂದೆ ಹೋಗಬೇಕು. ಎಂಟೂವರೆಗೆ ನೀನು ಫೋನ್ ಮಾಡು. ಎತ್ತದಿದ್ದರೆ ಎರಡನೇ ಸಲ ಮಾಡಬೇಡ, ಯಾರನ್ನಾದರೂ ನಡೆಸಿ ಕಳಿಸು. ‘ರೇಂಜ್ ಇಲ್ಲದಿರಬಹುದು’ ಎಂದುಕೊಂಡೇ ಅರ್ಧ ದಿನ ಹೋಗುತ್ತದೆ. ಬಚ್ಚಲಿನ ಒಳಗಿನ ಚಿಲಕ ಈ ವಾರವೇ ಕೀಳಿಸು. ಜಾರಿ ಬಿದ್ದವರು ಎದ್ದು ಚಿಲಕ ತೆಗೆಯಲಾರರು, ಹೊರಗಿನವರು ಬಾಗಿಲು ಒಡೆಯುವಷ್ಟರಲ್ಲಿ ಹೊತ್ತು ಮೀರುತ್ತದೆ. ಮರ್ಯಾದೆಗೆ ಒಂದು ಪರದೆ ಸಾಕು. ಮುಂಬಾಗಿಲಿನ ಇನ್ನೊಂದು ಕೀ ಪಕ್ಕದ ಮನೆಯಲ್ಲಿರಲಿ. ಪಂಚಾಯತ್‌ನ ಪಾಲಿಯೇಟಿವ್ ನರ್ಸ್ ಬರುವುದು ಹಾಸಿಗೆ ಹಿಡಿದವರ ಮನೆಗೆ; ಸದ್ಯಕ್ಕೆ ಆಶಾ ಕಾರ್ಯಕರ್ತೆಯ ನಂಬರ್ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸು.

ಇಲ್ಲಿ ಹೆಣ ಸುಟ್ಟ ಮೇಲೆ ಇಬ್ಬಿಬ್ಬರು ಕಡ್ಡಿ ಹಿಡಿದು ಎಲುಬು ಹೆಕ್ಕಿ ಕುಡಿಕೆಗೆ ಹಾಕುತ್ತಾರೆ, ಕಾಲಿನಿಂದ ತಲೆಯ ಕಡೆಗೆ. ಕುಡಿಕೆಯೊಳಗೂ ಮನುಷ್ಯ ತಲೆಕೆಳಗಾಗಬಾರದಲ್ಲ. ದಿಕ್ಕಿಲ್ಲದವರನ್ನು ನಗರಾಡಳಿತವೇ ಸುಡುತ್ತದೆ. ನಮ್ಮಲ್ಲಿ ಸುದ್ದಿ ಮುಟ್ಟಿದರೆ ಸಾಕು, ಮಾವಿನ ಮರ ಕಡಿಯಲು ಕರೆಯದೆ ಹತ್ತು ಜನ ಬರುತ್ತಾರೆ. ಸತ್ತ ಮೇಲಿನದ್ದು ಹೇಗೂ ನಡೆಯುತ್ತದೆ. ನನ್ನ ಚಿಂತೆ ಅದಕ್ಕೆ ಮೊದಲಿನ ಬೆಳಗುಗಳದ್ದು.

ಇನ್ನೊಂದು. ಬರುವವರೆಲ್ಲ ಸಹಾಯಕ್ಕೇ ಬಂದರೆ ದೊಡ್ಡಮ್ಮ ಎರಡೇ ತಿಂಗಳಲ್ಲಿ ಕುಗ್ಗಿಹೋಗುತ್ತಾರೆ. ಪಕ್ಕದ ಮನೆಯ ಮಗು ಮಲಯಾಳ ಶಾಲೆಗೆ ಹೋಗುತ್ತದಲ್ಲ, ಸಂಜೆ ಅದಕ್ಕೆ ಕನ್ನಡ ಅಕ್ಷರ ತಿದ್ದಿಸಲು ಹೇಳು. ಮಗು ಒಂದು ದಿನ ತಪ್ಪಿಸಿಕೊಂಡರೆ ಅವರೇ ಅಂಗಳಕ್ಕೆ ಬಂದು ಕೂಗುತ್ತಾರೆ. ಹಲಸಿನ ಹಪ್ಪಳದ ಕಾಲಕ್ಕೆ ಹಿಟ್ಟಿನ ಹದ ನೋಡಲೂ ಅವರನ್ನೇ ಕರೆಯಲಿ.

ಹಾಲಿನ ದುಡ್ಡು ನಾನು ಕಳಿಸುತ್ತೇನೆ. ಆದರೆ ನೀನು ಹುಡುಗನ ಖಾತೆಗೆ ಹಾಕಬೇಡ. ದೊಡ್ಡಮ್ಮನ ಕೈಗೆ ಕೊಡು, ಕ್ಯಾಲೆಂಡರಿನಲ್ಲಿ ಗೀಟು ಹಾಕಿಟ್ಟು ತಿಂಗಳ ಕೊನೆಗೆ ಅವರೇ ಎಣಿಸಿ ಕೊಡಲಿ.

ನಿನ್ನ ಅಕ್ಕ